ಎರಡು ಇಂಚು ನೀರಿನ ಲೆಕ್ಕ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ಕೊರೆಸಿದವರನ್ನು "ಎಷ್ಟು ನೀರು ಬಿತ್ತು?" ಎಂದು ಕೇಳಿದರೆ ಉತ್ತರ ಇಂಚಿನಲ್ಲಿ ಬರುತ್ತದೆ. ಒಂದೂವರೆ ಇಂಚು, ಎರಡು ಇಂಚು, ಅದೃಷ್ಟವಿದ್ದರೆ ಮೂರು. ಈ ಇಂಚು ಪೈಪಿನ ಅಗಲವಲ್ಲ. ಬೋರ್‌ನಿಂದ ಚಿಮ್ಮುವ ನೀರನ್ನು ಸಣ್ಣ ಕಾಲುವೆಗೆ ತಿರುಗಿಸಿ, ವಿ ಆಕಾರದ ಕಚ್ಚು ಇರುವ ತಗಡನ್ನು ಅಡ್ಡ ನಿಲ್ಲಿಸುತ್ತಾರೆ. ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೋ ಅಷ್ಟು ಇಂಚು.

ಈ ಅಳತೆಯಲ್ಲಿ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ವಿ ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ ಎತ್ತರ ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕಚ್ಚು 90 ಡಿಗ್ರಿ ಇದ್ದರೆ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಒಂದೂವರೆಗೆ 1,400. ಎರಡಕ್ಕೆ 2,900. ಮೂರಕ್ಕೆ ಸುಮಾರು 8,000. ಹಾಗಾಗಿ "ಮೂರಿದ್ದದ್ದು ಈಗ ಎರಡಕ್ಕೆ ಇಳಿದಿದೆ" ಎಂದು ರೈತ ಹೇಳಿದಾಗ ಮೂರನೇ ಒಂದು ಭಾಗ ಹೋಯಿತೆಂದು ಕೇಳಿದವರು ತಿಳಿಯುತ್ತಾರೆ. ನಿಜಕ್ಕೂ ಹೋಗಿರುವುದು ಮೂರನೇ ಎರಡು ಭಾಗದ ಹತ್ತಿರ.

ಎರಡು ಇಂಚನ್ನೇ ಹಿಡಿದುಕೊಳ್ಳೋಣ. ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಬಂದರೆ ಸಿಗುವುದು ಸುಮಾರು 20,000 ಲೀಟರ್. ಬೇಸಿಗೆಯಲ್ಲಿ ಕಾಯಿ ಕಟ್ಟಿರುವ ಟೊಮೆಟೊಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು. ಒಂದು ಎಕರೆಗೆ ಅದೂ ಹೆಚ್ಚುಕಡಿಮೆ 20,000 ಲೀಟರ್. ಅಂದರೆ ಎರಡು ಇಂಚಿನ ಬೋರ್ ಎಂದರೆ ಒಂದು ಎಕರೆ ಟೊಮೆಟೊ. ಆ ಒಂದು ಎಕರೆ ನೀರಿಗಾಗಿ ಮಾಡಿದ ಸಾಲ, ಸುಟ್ಟ ಕರೆಂಟು, ಕೆಟ್ಟ ಕುಡಿಯುವ ನೀರು, ಬತ್ತಿದ ಪಕ್ಕದ ಬಾವಿ ಎಲ್ಲವೂ ಒಂದೇ ಹಗ್ಗಕ್ಕೆ ಸಿಕ್ಕಿಕೊಂಡಿವೆ. ಬಡ ದೇಶಗಳ ಪರಿಸರ ಸಮಸ್ಯೆ, ಆರ್ಥಿಕ ಸಮಸ್ಯೆ, ಸಾಮಾಜಿಕ ಸಮಸ್ಯೆ ಎಂದು ಪುಸ್ತಕದಲ್ಲಿ ಮೂರು ಅಧ್ಯಾಯ ಮಾಡಬಹುದು. ಹೊಲದಲ್ಲಿ ಅವು ಬೇರೆ ಬೇರೆಯಾಗಿ ಸಿಗುವುದಿಲ್ಲ.

ಬಂಡೆಯೊಳಗೆ ನೀರು ಎಲ್ಲಿರುತ್ತದೆ

ನೆಲದಡಿ ನದಿ ಹರಿಯುತ್ತದೆ, ದೊಡ್ಡ ಕೆರೆ ಇದೆ, ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂಬ ಕಲ್ಪನೆ ಗಂಗಾ ಬಯಲಿನ ಮರಳು ನೆಲದಲ್ಲಿ ಸ್ವಲ್ಪ ಮಟ್ಟಿಗೆ ಸರಿ. ಕೋಲಾರದ ನೆಲ ಅಂಥದ್ದಲ್ಲ. ಇಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಮೇಲೆ ಮಣ್ಣು, ಅದರ ಕೆಳಗೆ ಶಿಥಿಲಗೊಂಡ ಕಲ್ಲಿನ ಪದರ, ಅದರಡಿ ಬಿರುಕು ಬಿಟ್ಟ ಬಂಡೆ, ಕೊನೆಗೆ ಗಟ್ಟಿ ಕಲ್ಲು. ನೀರನ್ನು ಹಿಡಿದಿಡುವ ಪಾತ್ರೆ ಎಂದರೆ ಮುಖ್ಯವಾಗಿ ಆ ಶಿಥಿಲ ಪದರ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೆಯ ಕಪಿಲೆ ಬಾವಿಗಳು 30ರಿಂದ 60 ಅಡಿ ಆಳದಲ್ಲಿ ಇದ್ದದ್ದು ಈ ಕಾರಣಕ್ಕೆ. ಪಾತ್ರೆ ಅಷ್ಟೇ ಆಳವಿತ್ತು.

ಆ ಪಾತ್ರೆಯೂ ದೊಡ್ಡದಲ್ಲ. ಶಿಥಿಲ ಪದರದ ಒಂದು ಘನ ಮೀಟರ್ ಕಲ್ಲುಮಣ್ಣನ್ನು ಬಸಿದರೆ ಹೊರಬರುವ ನೀರು ಸಾಮಾನ್ಯವಾಗಿ ಶೇ 1ರಿಂದ 3ರಷ್ಟು. ಸರಾಸರಿ 2 ಎಂದಿಟ್ಟುಕೊಂಡರೆ, ಒಂದು ಎಕರೆಯಲ್ಲಿ ಅಂತರ್ಜಲ ಮಟ್ಟ ಒಂದು ಮೀಟರ್ ಇಳಿದಾಗ ಸಿಗುವುದು 81,000 ಲೀಟರ್. ಟೊಮೆಟೊಗೆ ನಾಲ್ಕು ದಿನದ ನೀರು. ಕೆಳಗಿನ ಬಿರುಕುಗಳಲ್ಲಿ ಇದೂ ಇಲ್ಲ. ಬಿರುಕು ನೀರನ್ನು ಸಾಗಿಸುವ ಕೊಳವೆಯೇ ಹೊರತು ಕೂಡಿಡುವ ತೊಟ್ಟಿಯಲ್ಲ. ಆಳಕ್ಕೆ ಹೋದಂತೆ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ. 1,200 ಅಡಿಯಲ್ಲಿ ನೀರು ಸಿಗುವುದೇ ಇಲ್ಲ ಎಂದಲ್ಲ, ಸಿಕ್ಕರೂ ಅದರ ಹಿಂದೆ ದಾಸ್ತಾನು ಇರುವುದು ಕಡಿಮೆ.

ಇನ್ನು ಮರುಪೂರಣ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿ.ಮೀ. ಶಿಥಿಲ ಗ್ರಾನೈಟ್ ನೆಲದಲ್ಲಿ ಜೇಡಿ ಹೆಚ್ಚಿದ್ದರೆ ಮಳೆಯ ಶೇ 8ರಷ್ಟು ಇಂಗುತ್ತದೆ ಎಂಬುದು ದೇಶದ ಅಂತರ್ಜಲ ಲೆಕ್ಕಾಚಾರದಲ್ಲಿ ಬಳಸುವ ರೂಢಿಯ ಪ್ರಮಾಣ. ಜೇಡಿ ಕಡಿಮೆಯಿದ್ದರೆ ಶೇ 11, ಗಟ್ಟಿ ಬಂಡೆಯಾದರೆ ಶೇ 1. ಎಂಟನ್ನು ಹಿಡಿದರೆ 60 ಮಿ.ಮೀ., ಅಂದರೆ ಎಕರೆಗೆ ವರ್ಷಕ್ಕೆ 2.4 ಲಕ್ಷ ಲೀಟರ್. ಒಂದು ಬೆಳೆ ಟೊಮೆಟೊ ಕೇಳುವುದು ಎಕರೆಗೆ ಸುಮಾರು 20 ಲಕ್ಷ ಲೀಟರ್. ಒಬ್ಬ ರೈತ ಒಂದು ಎಕರೆ ಬೇಸಿಗೆ ಟೊಮೆಟೊ ಇಟ್ಟಾಗ ಎಂಟು ಎಕರೆಗೂ ಹೆಚ್ಚು ನೆಲದ ವರ್ಷದ ಗಳಿಕೆಯನ್ನು ಖರ್ಚು ಮಾಡುತ್ತಿದ್ದಾನೆ. ಆ ಎಂಟು ಎಕರೆ ಬಹುತೇಕ ಬೇರೆಯವರದ್ದು.

ಕೇಂದ್ರ ಅಂತರ್ಜಲ ಮಂಡಳಿ ತಾಲ್ಲೂಕುಗಳನ್ನು ವಿಂಗಡಿಸುವುದು ಇದೇ ಲೆಕ್ಕದ ಮೇಲೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರವರೆಗೆ ತೆಗೆದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ನೂರು ದಾಟಿದರೆ ಅತಿಬಳಕೆ. ಕೋಲಾರ ಜಿಲ್ಲೆ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಕುಳಿತಿದೆ. ನೂರು ದಾಟುವುದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಸಂಬಳಕ್ಕಿಂತ ಹೆಚ್ಚು ಖರ್ಚು ಮಾಡುವವರು ಹಳೆಯ ಉಳಿತಾಯ ತಿನ್ನುವಂತೆಯೇ. ಹಿಂದಿನ ತಲೆಮಾರುಗಳ ಮಳೆಯನ್ನು ಈಗ ತೆಗೆಯುತ್ತಿದ್ದೇವೆ.

ಕೊರೆಯುವ ದಿನ ಮತ್ತು ಆಮೇಲೆ

ಮೊದಲು ಪಾಯಿಂಟ್ ನೋಡುವವರು ಬರುತ್ತಾರೆ. ತೆಂಗಿನಕಾಯಿ ಹಿಡಿದೋ, ಕವಲು ಕಡ್ಡಿ ಹಿಡಿದೋ, ಈಚೆಗೆ ಬ್ಯಾಟರಿ ಹಾಕಿದ ಯಂತ್ರ ಹಿಡಿದೋ. ಭೂವಿಜ್ಞಾನಿಯ ವಿದ್ಯುತ್ ಪ್ರತಿರೋಧ ಪರೀಕ್ಷೆ ಶಿಥಿಲ ಪದರದ ದಪ್ಪವನ್ನು ಚೆನ್ನಾಗಿಯೇ ಹೇಳುತ್ತದೆ, ಸಾವಿರ ಅಡಿ ಕೆಳಗಿನ ಅಂಗೈಯಗಲದ ಬಿರುಕನ್ನು ತೋರಿಸುವ ಶಕ್ತಿ ಅದಕ್ಕೂ ಇಲ್ಲ. ಆಳದ ಬೋರ್‌ನಲ್ಲಿ ವಿಜ್ಞಾನ ಮತ್ತು ತೆಂಗಿನಕಾಯಿಯ ನಡುವಿನ ಅಂತರ ಕಡಿಮೆಯಾಗುವುದು ಹೀಗೆ.

ಗಾಡಿ ನಿಂತ ಮೇಲೆ ಮಣ್ಣು ಮತ್ತು ಸಡಿಲ ಕಲ್ಲು ಮುಗಿಯುವವರೆಗೆ ಕೊರೆದು ಕೇಸಿಂಗ್ ಪೈಪ್ ಇಳಿಸುತ್ತಾರೆ, ಗೋಡೆ ಕುಸಿಯದಿರಲಿ ಎಂದು. ಆಮೇಲೆ ಆರೂವರೆ ಇಂಚಿನ ಬಿಟ್‌ನಲ್ಲಿ ಬಂಡೆಯನ್ನು ಕುಟ್ಟುತ್ತ, ಕಂಪ್ರೆಸರ್ ಗಾಳಿಯಿಂದ ಪುಡಿಯನ್ನು ಮೇಲೆ ಊದುತ್ತ ಇಳಿಯುವುದು. ಮೊದಲ ಒಂದಷ್ಟು ಅಡಿಗೆ ಒಂದು ದರ, ಆಮೇಲೆ ಪ್ರತಿ ನೂರು ಅಡಿಗೂ ದರ ಏರುತ್ತದೆ. ತೀರ್ಮಾನ ಕೆಡುವುದು ಇಲ್ಲೇ. 900 ಅಡಿಗೆ ಬಿಳಿ ಪುಡಿಯೇ ಹಾರುತ್ತಿದ್ದಾಗ ನಿಲ್ಲಿಸಿದರೆ ಹಾಕಿದ ಹಣವೆಲ್ಲ ಹೋಯಿತು. ಇನ್ನೂ ನೂರು ಅಡಿ ಹೋದರೆ ಸಿಗಬಹುದು. ಪ್ರತಿ ನೂರು ಅಡಿಗೂ ಅದೇ ಮಾತು. 1,200 ಅಡಿಯ ಬೋರ್, ಕೇಸಿಂಗ್, ಮೋಟರ್, ಕಾಲಂ ಪೈಪ್, ಕೇಬಲ್, ಪ್ಯಾನೆಲ್ ಬೋರ್ಡ್ ಎಲ್ಲ ಸೇರಿ ನಾಲ್ಕೈದು ಲಕ್ಷ ದಾಟುವುದು ಸಾಮಾನ್ಯ. ನೀರು ಬೀಳದಿದ್ದರೆ ಮೋಟರ್ ಖರ್ಚು ಉಳಿಯಿತು ಎನ್ನುವುದಷ್ಟೇ ಸಮಾಧಾನ.

ನೀರು ಬಿದ್ದ ದಿನ ತಗಡಿನಲ್ಲಿ ಅಳೆದ ಇಂಚನ್ನು ನಂಬಬಾರದು. ಅದು ಬಿರುಕುಗಳಲ್ಲಿ ಕಾಲದಿಂದ ನಿಂತಿದ್ದ ನೀರು, ಕಂಪ್ರೆಸರ್ ಒತ್ತಡಕ್ಕೆ ಒಮ್ಮೆಲೇ ಹೊರಬಂದದ್ದು. ಸರಿಯಾದ ಕ್ರಮವೆಂದರೆ ಪಂಪ್ ಇಳಿಸಿ ಕನಿಷ್ಠ ಒಂದು ದಿನ ನಿಲ್ಲಿಸದೆ ಓಡಿಸಿ, ಗಂಟೆಗಂಟೆಗೂ ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೇರಿತು ಎಂದು ಬರೆದಿಡುವುದು. ಇಳಿಕೆ ಒಂದು ಕಡೆ ನಿಂತರೆ ಆ ಪ್ರಮಾಣ ತಾಳುತ್ತದೆ. ಇಳಿಯುತ್ತಲೇ ಇದ್ದರೆ ಬಾಡಿಗೆ ಟ್ಯಾಂಕರ್‌ನಿಂದ ನೀರು ತರಿಸಿದ ಹಾಗೆ, ಖಾಲಿಯಾಗುವವರೆಗೆ ಮಾತ್ರ. ಈ ಪರೀಕ್ಷೆಯನ್ನು ರೈತರು ಮಾಡಿಸುವುದು ಅಪರೂಪ. ಬಿದ್ದ ನೀರಿನ ಸಂತೋಷದಲ್ಲಿ ಎರಡೆಕರೆಗೆ ಡ್ರಿಪ್ ಹಾಸಿ, ಆರು ತಿಂಗಳಲ್ಲಿ ಒಂದೆಕರೆ ಬಿಡುವುದೇ ಹೆಚ್ಚು.

ಸಣ್ಣ ರೈತನಿಗೆ ಬ್ಯಾಂಕಿನ ಬೆಳೆ ಸಾಲ ಬೀಜ ಗೊಬ್ಬರಕ್ಕೆ. ಬೋರ್‌ಗೆ ಹಣ ಬರುವುದು ಮನೆಯ ಚಿನ್ನದಿಂದ, ಕೈಸಾಲದಿಂದ, ಇಲ್ಲ ಮಂಡಿಯವರು ಕೊಡುವ ಮುಂಗಡದಿಂದ. ಮುಂಗಡ ಕೊಟ್ಟ ಮಂಡಿಗೇ ಹಣ್ಣು ಹಾಕಬೇಕು. ಸಾಲ ತೀರಿಸಲು ಸಾಲುವಷ್ಟು ಹಣ ಕೊಡಬಲ್ಲ ಬೆಳೆ ರಾಗಿಯಲ್ಲ, ಟೊಮೆಟೊ ಅಥವಾ ಹೂವು. ಆದ್ದರಿಂದ ನೀರು ಕಡಿಮೆಯಾದಷ್ಟೂ ನೀರು ಹೆಚ್ಚು ಬೇಡುವ ಬೆಳೆಯತ್ತ ರೈತ ವಾಲುತ್ತಾನೆ. ಹೊರಗಿನಿಂದ ನೋಡುವವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ಸಾಲದ ಕಂತಿನ ಕಡೆಯಿಂದ ನೋಡಿದರೆ ಬೇರೆ ದಾರಿ ಇಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದಾರೆ, ಕೊಯ್ಲಿನ ಕೂಲಿ ಗಿಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡಿದ್ದಾರೆ. ಮೊದಲನೆಯದರ ಆಸೆಯಲ್ಲಿ ಎರಡನೆಯದನ್ನು ತಾಳಿಕೊಳ್ಳುತ್ತಾರೆ.

ಗಂಗಾ ಕಲ್ಯಾಣದಂಥ ಯೋಜನೆಗಳು ಪರಿಶಿಷ್ಟ ಜಾತಿ, ಪಂಗಡದ ಮತ್ತು ಇತರ ಸಣ್ಣ ರೈತರಿಗೆ ಸರ್ಕಾರದ ಖರ್ಚಿನಲ್ಲಿ ಬೋರ್ ಕೊರೆಸಿಕೊಡುತ್ತವೆ. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ 200 ಅಡಿಗೆ ನೀರಿದ್ದ ಕಾಲದಲ್ಲಿ ಕೊರೆಸಿಕೊಂಡವರು ಜಮೀನುದಾರರು. ಇವರ ಸರದಿ ಬಂದಾಗ ನೀರು 1,200 ಅಡಿಗೆ ಇಳಿದಿದೆ. ಪಕ್ಕದ ತೋಟದವನು 1,500ಕ್ಕೆ ಇಳಿಸಿದರೆ ಅದೂ ಹೋಯಿತು. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಮ್ಮ ಕಾನೂನು, ತನ್ನ ಜಮೀನಿನಡಿಯ ನೀರನ್ನು ಎತ್ತಿಕೊಳ್ಳುವುದು ಜಮೀನಿನ ಒಡೆಯನ ಹಕ್ಕು ಎಂದೇ ನೋಡುತ್ತ ಬಂದಿದೆ. ಬಿರುಕು ಸರ್ವೆ ನಂಬರ್ ನೋಡಿ ಹೋಗುವುದಿಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದು 1999ರ ರಾಜ್ಯ ಕಾಯ್ದೆ ಹೇಳುತ್ತದೆ. ಕೊರೆಯುವ ಮುನ್ನ ಅನುಮತಿ, ಇರುವ ಬೋರ್‌ಗಳಿಗೆ ನೋಂದಣಿ ಎಂದು 2011ರ ಕಾಯ್ದೆ ಹೇಳುತ್ತದೆ. ಗಾಡಿ ರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುತ್ತದೆ.

ಪುಕ್ಕಟೆ ಕರೆಂಟಿನ ತೂಕ

ಸಾವಿರ ಲೀಟರ್ ನೀರನ್ನು ಸಾವಿರ ಅಡಿಯಿಂದ ಎತ್ತಲು ಭೌತಶಾಸ್ತ್ರ ಕೇಳುವುದು 0.83 ಯೂನಿಟ್. ಹಳ್ಳಿಯ ವೋಲ್ಟೇಜ್, ರೀವೈಂಡ್ ಮಾಡಿದ ಮೋಟರ್, ಸವೆದ ಇಂಪೆಲ್ಲರ್ ಸೇರಿ ಪಂಪಿನ ದಕ್ಷತೆ ಶೇ 40 ಎಂದುಕೊಂಡರೆ ಎರಡು ಯೂನಿಟ್. ಎಕರೆಗೆ 30 ಟನ್ ಇಳುವರಿ ಬಂದರೂ ಒಂದು ಬಾಕ್ಸ್ ಟೊಮೆಟೊ ಹಿಂದೆ ಸಾವಿರ ಲೀಟರ್ ನೀರಿದೆ. ಅಲ್ಲಿಗೆ ಬಾಕ್ಸಿಗೆ ಎರಡು ಯೂನಿಟ್. 30 ಅಡಿಯ ಬಾವಿಯಾಗಿದ್ದರೆ ಇದರ ಮೂವತ್ತರಲ್ಲೊಂದು ಪಾಲು ಸಾಕಾಗುತ್ತಿತ್ತು.

10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರ್ನಾಟಕದಲ್ಲಿ 2008ರಿಂದ ಕರೆಂಟ್ ಉಚಿತ. ಹಣವನ್ನು ಸರ್ಕಾರ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ತುಂಬಿಕೊಡುತ್ತದೆ. ರೈತನ ಮಟ್ಟಿಗೆ ಪಂಪ್ ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. ಕರೆಂಟ್ ಯಾವಾಗ ಬರುತ್ತದೆ ಎಂಬ ಖಾತರಿಯೂ ಇಲ್ಲದಿದ್ದರಿಂದ ಆಟೋ ಸ್ಟಾರ್ಟರ್ ಬಂತು: ತ್ರೀ ಫೇಸ್ ಬಂದ ಕ್ಷಣ ಮೋಟರ್ ತಾನೇ ಶುರು. ಒಂದು ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಸೇರಿದ ಎಲ್ಲ ಮೋಟರ್‌ಗಳೂ ಒಂದೇ ಕ್ಷಣಕ್ಕೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ವೋಲ್ಟೇಜ್ ಕುಸಿದಾಗ ಮೋಟರ್ ಹೆಚ್ಚು ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗಿ ಸುಡುತ್ತದೆ, ಕೆಲವೊಮ್ಮೆ ಟಿಸಿಯೇ ಹೋಗುತ್ತದೆ. ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದರೂ ಆಟೋ ಸ್ಟಾರ್ಟರ್‌ಗೆ ಗೊತ್ತಾಗದು. ಒಣಗಿ ಓಡಿ ಸುಡುತ್ತದೆ. ಮೋಟರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ಕೂಡಿದರೆ ಪುಕ್ಕಟೆ ಕರೆಂಟ್ ಪುಕ್ಕಟೆಯಾಗಿ ಉಳಿಯುವುದಿಲ್ಲ. ಒಣ ಓಟ ತಡೆಯುವ ರಿಲೇ ಮತ್ತು ಸರಿಯಾದ ಕೆಪಾಸಿಟರ್ ಇದ್ದರೆ ಈ ಅನಾಹುತದ ದೊಡ್ಡ ಪಾಲು ತಪ್ಪುತ್ತದೆ, ಅವುಗಳ ಬೆಲೆ ಒಂದು ರೀವೈಂಡಿಂಗ್‌ನ ಖರ್ಚಿಗಿಂತ ಹೆಚ್ಚೇನಲ್ಲ.

ರಾತ್ರಿ ಬಂದ ಕರೆಂಟಿಗೆ ಎತ್ತಿದ ನೀರನ್ನು ಎಲ್ಲಿಡುವುದು? ಕೃಷಿ ಹೊಂಡದಲ್ಲಿ. ಮಳೆ ನೀರು ಹಿಡಿಯಲೆಂದು ಸಬ್ಸಿಡಿ ಕೊಟ್ಟು ಮಾಡಿಸಿದ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ ಬೋರ್ ನೀರು ತುಂಬುವುದು ಈ ಭಾಗದಲ್ಲಿ ಮಾಮೂಲು. 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡದಿಂದ ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 2,000 ಲೀಟರ್ ಹೋಯಿತು. ಸಾವಿರ ಅಡಿಯಿಂದ ಎತ್ತಿ ಗಾಳಿಗೆ ಬಿಟ್ಟದ್ದು. ಮೇಲೆ ನೆರಳು ಬಲೆ ಕಟ್ಟಿದರೆ ಸ್ವಲ್ಪ ಉಳಿಯುತ್ತದೆ.

ಹಾಗಾದರೆ ಮೀಟರ್ ಹಾಕಿ ಬಿಲ್ ಹಾಕಿದರೆ ಸರಿಹೋಗುತ್ತದೆಯೇ? ಕಾಗದದ ಮೇಲೆ ಹೌದು. ಆದರೆ ಸಾಲ ಮಾಡಿ ಆಳಕ್ಕೆ ಇಳಿಸಿದ ಸಣ್ಣ ರೈತನಿಗೇ ಬಿಲ್ಲಿನ ಪೆಟ್ಟು ಹೆಚ್ಚು, ಏಕೆಂದರೆ ಅವನ ನೀರು ಎಲ್ಲರಿಗಿಂತ ಆಳದಲ್ಲಿದೆ. ಎಕರೆ ಲೆಕ್ಕದಲ್ಲಿ ನೇರ ಹಣ ಕೊಟ್ಟು, ಬಳಸಿದ ಯೂನಿಟ್‌ಗೆ ದರ ಹಾಕುವುದು ಇದಕ್ಕಿಂತ ಮೇಲು: ಉಳಿಸಿದ ಕರೆಂಟು ಅವನ ಜೇಬಿಗೆ ಬರುತ್ತದೆ. ಅದಕ್ಕೆ ಮೊದಲು ಮೀಟರ್ ಬೇಕು, ಮೀಟರ್ ಹಾಕುವವರನ್ನು ಊರು ಒಳಗೆ ಬಿಡಬೇಕು.

ಆಳದ ನೀರು, ಮಕ್ಕಳ ಹಲ್ಲು

ಗ್ರಾನೈಟ್‌ನಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿವೆ. ನೀರು ಬಂಡೆಯೊಡನೆ ಎಷ್ಟು ವರ್ಷ ಒಡನಾಡಿತೋ ಅಷ್ಟು ಫ್ಲೋರೈಡ್ ಕರಗಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿಯಾಗಿಸಿ ಕೆಳಗಿಳಿಸುತ್ತದೆ, ಆಳದ ಹಳೆಯ ನೀರಿನಲ್ಲಿ ಸುಣ್ಣ ಹೋಗಿ ಸೋಡಿಯಂ ಬೈಕಾರ್ಬೊನೇಟ್ ಉಳಿದಿರುವುದರಿಂದ ಫ್ಲೋರೈಡ್ ಕರಗಿಯೇ ಇರುತ್ತದೆ. ಮೇಲಿನ ಬಾವಿ ಕುಡಿದ ಅಜ್ಜಿಯ ಹಲ್ಲು ಬೆಳ್ಳಗಿದ್ದು, ಬೋರ್ ನೀರು ಕುಡಿದ ಮೊಮ್ಮಗಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿರುವುದಕ್ಕೆ ಕಾರಣ ಇದು. ಪೂರ್ವ ಆಫ್ರಿಕದ ರಿಫ್ಟ್ ಕಣಿವೆಯಲ್ಲೂ, ಇಥಿಯೋಪಿಯ ಮತ್ತು ಕೀನ್ಯಾದಲ್ಲಿ, ಇದೇ ಸಂಕಟವಿದೆ. ಅಲ್ಲಿ ಬಂಡೆ ಜ್ವಾಲಾಮುಖಿಯದ್ದು.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ಹಲ್ಲಿನ ಫ್ಲೋರೋಸಿಸ್ ಬರುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಆಮೇಲೆ ನೀರು ಬದಲಿಸಿದರೂ ಕಲೆ ಹೋಗದು. ಹೆಚ್ಚು ಪ್ರಮಾಣವನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿದು, ಬೆನ್ನು ಬಗ್ಗಿಸಲಾಗದ ಸ್ಥಿತಿ. ಊಟದಲ್ಲಿ ಹಾಲು, ಸೊಪ್ಪು ಕಡಿಮೆಯಿರುವ ಮನೆಗಳಲ್ಲಿ ಪೆಟ್ಟು ಜೋರು.

ಇಲ್ಲಿ ಮೊದಲು ಬಿಡಿಸಬೇಕಾದ ತಪ್ಪು ಒಂದು: ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಕಲಕಿ, ತಳಕ್ಕೆ ಕೂರಲು ಬಿಟ್ಟು ತಿಳಿ ತೆಗೆಯುತ್ತಾರೆ. ಅಗ್ಗ, ಆದರೆ ಪ್ರತಿದಿನ ಅಳೆದು ಹಾಕಬೇಕು, ಕೆಳಗೆ ಕೂತ ಕೆಸರನ್ನು ದೂರ ಚೆಲ್ಲಬೇಕು, ಪಟಿಕ ಹೆಚ್ಚಾದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಕೆಲವು ತಿಂಗಳು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಕಾಸ್ಟಿಕ್ ಮತ್ತು ಆಮ್ಲದಲ್ಲಿ ತೊಳೆದು ಚೇತರಿಸಬೇಕು. ಆ ಕೆಲಸಕ್ಕೆ ಜನವಿಲ್ಲದೆ ಶಾಲೆಯ ಮೂಲೆಗಳಲ್ಲಿ ನಿಂತ ಫಿಲ್ಟರ್‌ಗಳು ಎಷ್ಟೋ. ನೀರು ಬರುತ್ತಿರುತ್ತದೆ, ಫ್ಲೋರೈಡೂ ಬರುತ್ತಿರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ.

ಈಗ ಊರೂರಿಗೂ ಇರುವುದು ಆರ್‌ಒ ಆಧರಿಸಿದ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಕುಡಿಯಲು ಒಳ್ಳೆಯ ನೀರೇ. ಅರ್ಧ ನೀರು ಶುದ್ಧವಾಗಿ ಹೊರಬಂದರೆ ಉಳಿದರ್ಧ ತ್ಯಾಜ್ಯ, 2 ಮಿಲಿಗ್ರಾಂ ಇದ್ದ ಫ್ಲೋರೈಡ್ ಅದರಲ್ಲಿ ಸುಮಾರು 4 ಆಗಿರುತ್ತದೆ. ಆ ನೀರು ಘಟಕದ ಹಿಂದಿನ ಚರಂಡಿಗೆ, ಅಲ್ಲಿಂದ ಮತ್ತೆ ನೆಲಕ್ಕೆ. ಮೆಂಬ್ರೇನ್ ಕಟ್ಟಿಕೊಂಡರೆ, ಬೋರ್ ಬತ್ತಿದರೆ, ಘಟಕ ನಿಲ್ಲುತ್ತದೆ. ಇನ್ನು ಅನ್ನ, ಸಾರು ಬೇಯಿಸಲು ಹಲವು ಮನೆಗಳು ನಲ್ಲಿಯ ಬೋರ್ ನೀರನ್ನೇ ಬಳಸುತ್ತವೆ. ಕ್ಯಾನ್ ನೀರು ಕುಡಿಯಲು ಮಾತ್ರ ಎಂಬ ರೂಢಿ. ದೇಹಕ್ಕೆ ಸೇರುವ ಫ್ಲೋರೈಡ್‌ನಲ್ಲಿ ಅಡುಗೆಯ ಪಾಲು ಸಣ್ಣದಲ್ಲ.

ಈ ಜಿಲ್ಲೆಗಳಲ್ಲಿ ಫ್ಲೋರೈಡ್ ಇಲ್ಲದ ನೀರು ಬೀಳುವುದು ಮೇಲಿನಿಂದ. 1,000 ಚದರಡಿ ತಾರಸಿಯ ಮೇಲೆ 750 ಮಿ.ಮೀ. ಮಳೆ, ಶೇ 80 ಕೈಗೆ ಸಿಕ್ಕರೆ ವರ್ಷಕ್ಕೆ 55,000 ಲೀಟರ್. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ತಲೆಗೆ 10 ಲೀಟರ್‌ನಂತೆ ಬೇಕಾಗುವುದು 18,250. ತೊಟ್ಟಿ ಅಷ್ಟು ದೊಡ್ಡದಿರಬೇಕಿಲ್ಲ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಯಿಲ್ಲದ 150 ದಿನ ದಾಟಿಸಿದರೆ ಸಾಕು: 7,500 ಲೀಟರ್, ಕೈ ಬಿಗಿಯಿಲ್ಲದೆ ಬಳಸಲು 10,000. ಮೊದಲ ಮಳೆಯ 2 ಮಿ.ಮೀ., ಅಂದರೆ ಸುಮಾರು 190 ಲೀಟರ್, ಧೂಳಿನೊಡನೆ ಹೊರಹೋಗುವಂತೆ ಪ್ರತ್ಯೇಕ ಪೈಪ್ ಇಡಬೇಕು. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಮುಚ್ಚಳದ ಸಂದಿನಲ್ಲಿ ಸೊಳ್ಳೆ ಹೋಗಬಾರದು. ಬಳಸುವ ಮುನ್ನ ಕಾಯಿಸುವುದು ಇಲ್ಲಿ ಸರಿ, ಏಕೆಂದರೆ ಮಳೆ ನೀರಿನ ಅಪಾಯ ಕ್ರಿಮಿ, ಫ್ಲೋರೈಡ್ ಅಲ್ಲ. ತೊಡಕು ತಾರಸಿ ಇಲ್ಲದವರದ್ದು. ಹೆಂಚು ಮತ್ತು ಶೀಟಿನ ಮನೆಯಲ್ಲಿ ದೋಣಿ ಕಟ್ಟಿ ಇಷ್ಟೇ ನೀರು ಹಿಡಿಯಬಹುದು, ಆದರೆ ತೊಟ್ಟಿ ಕಟ್ಟಲು ಜಾಗ ಮತ್ತು ಹಣ ಇಲ್ಲದ ಮನೆಗಳೂ ಅವೇ.

ಕೆರೆ, ನೀಲಗಿರಿ, ಬೆಂಗಳೂರಿನ ಕೊಳಚೆ

ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವ ಮುನ್ನ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಹರಿದರೆ ಮುಂದಿನದಕ್ಕೆ ನೀರು, ಹೀಗೆ ಸರಣಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವುದು ನೀರಗಂಟಿಯ ಕೆಲಸ. ಹೆಚ್ಚಾಗಿ ದಲಿತ ಕುಟುಂಬಗಳು ಮಾಡಿಕೊಂಡು ಬಂದದ್ದು. ಬೋರ್ ಬಂದ ಮೇಲೆ ತೂಬಿನ ಹಂಗು ತಪ್ಪಿತು, ರಾಜಕಾಲುವೆ ತೆಗೆಸುವ ಆಸಕ್ತಿಯೂ ಹೋಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಹೊಲಗಳಿಗೆ ಬಂತು. ಕೂಲಿ ಬೇಡ, ಕಾವಲು ಬೇಡ, ಮರ ಕಡಿದಾಗ ಒಮ್ಮೆಗೇ ಹಣ. ಆಳಕ್ಕೆ ಬೇರು ಬಿಟ್ಟು ಇಂಗುವ ನೀರನ್ನು ನಡುದಾರಿಯಲ್ಲೇ ಹೀರುವ ಮರವನ್ನು ಕೆರೆಯ ಜಲಾನಯನದಲ್ಲೇ ನೆಟ್ಟದ್ದರಿಂದ ಕೆಳಗಿನವರಿಗೆ ಪೆಟ್ಟಾಯಿತು. ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಬತ್ತಿದ ಕೆರೆಗಳಿಗೆ ನೀರು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ. ವರ್ಷದ ಲೆಕ್ಕದಲ್ಲಿ ಐದೂವರೆ ಟಿಎಂಸಿ ಮೇಲೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಬಂತು. ಹೈಕೋರ್ಟ್ ತಡೆಯಿತು, ಆಮೇಲೆ ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಆ ತಡೆಯೂ ಮುಂದೆ ತೆರವಾಯಿತು.

ಎರಡನೇ ಹಂತ ಎಂದರೇನು ಎಂಬುದು ಈ ಜಗಳದ ತಿರುಳು. ಮೊದಲ ಹಂತದಲ್ಲಿ ಕಸ, ಮರಳು, ಕೆಸರು ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ಕೊಳೆಯುವ ಪದಾರ್ಥವನ್ನು ತಿನ್ನಿಸುತ್ತಾರೆ. ಸಾಬೂನಿನ ರಾಸಾಯನಿಕ, ಫಾಸ್ಫೇಟ್, ನೈಟ್ರೇಟ್, ಕಾರ್ಖಾನೆಯಿಂದ ಬಂದ ಲೋಹಗಳು ಈ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಮೂರನೆಯ ಹಂತ ಬೇಕು. "ನೆಲ ಸೋಸುತ್ತದೆ ಬಿಡಿ" ಎಂಬ ವಾದ ಮರಳು ನೆಲದಲ್ಲಿ ನಡೆಯುತ್ತದೆ. ಬಿರುಕಿನ ಬಂಡೆಯಲ್ಲಿ ನೀರು ಸೋಸದೆ ನೇರ ಇಳಿಯುವ ದಾರಿಗಳಿವೆ. ಇನ್ನೊಂದು ಕಡೆ, ಕೆರೆ ತುಂಬಿದ ಊರುಗಳಲ್ಲಿ ವರ್ಷಗಟ್ಟಲೆ ಒಣಗಿದ್ದ ತೆರೆದ ಬಾವಿಗಳಲ್ಲಿ ನೀರು ಕಂಡದ್ದೂ ನಿಜ, ಬೋರ್‌ಗಳು ಜೀವ ಹಿಡಿದದ್ದೂ ನಿಜ. ನೀರು ತಂದದ್ದು ಸರಿ, ಮೂರನೇ ಹಂತವನ್ನು ಖರ್ಚಿನ ನೆಪದಲ್ಲಿ ಬಿಟ್ಟದ್ದು ತಪ್ಪು. ನಗರ ಬಳಸಿದ ನೀರಿನ ಕೊನೆಯ ತೊಳೆತದ ಖರ್ಚು ಹಳ್ಳಿಯ ಬಾವಿಗೆ ಬಿದ್ದಿದೆ. ಅಂಥ ಕೆರೆಯ ಸುತ್ತಿನ ಊರುಗಳು ಕುಡಿಯುವ ಬೋರ್‌ನ ನೀರನ್ನು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಬೇಕು; ಫ್ಲೋರೈಡ್ ಜೊತೆಗೆ ನೈಟ್ರೇಟ್ ನೋಡಬೇಕು, ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಎತ್ತಿನಹೊಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಶ್ಚಿಮ ಘಟ್ಟದಿಂದ 24 ಟಿಎಂಸಿ ತರುವ ಯೋಜನೆಯ ಅಂದಾಜು 12,912 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿದೆ, ಅಲ್ಲಿ ಸಿಗುವುದು 9.5 ಟಿಎಂಸಿ ಆಸುಪಾಸು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದೆ.

ಊರಿನ ಲೆಕ್ಕ ಹಾಕುವ ಬಗೆ

ಆಂಧ್ರದ ಗಟ್ಟಿ ಕಲ್ಲಿನ ಜಿಲ್ಲೆಗಳಲ್ಲಿ, ನಮ್ಮ ಗಡಿಯಾಚೆಯ ಚಿತ್ತೂರು, ಅನಂತಪುರವೂ ಸೇರಿ, ರೈತರೇ ಮಳೆ ಮತ್ತು ಬಾವಿ ಅಳೆದು ಹಿಂಗಾರಿಗೆ ಮುನ್ನ ನೀರಿನ ಬಜೆಟ್ ಮಾಡುವ ಪ್ರಯೋಗ ದೊಡ್ಡ ಮಟ್ಟದಲ್ಲಿ ನಡೆದಿತ್ತು. ಯಾರ ಮೇಲೂ ನಿರ್ಬಂಧವಿರಲಿಲ್ಲ, ಸಂಖ್ಯೆ ಮಾತ್ರ ಎಲ್ಲರ ಎದುರಿಗಿತ್ತು. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಅದನ್ನೇ ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ತಂದಿತು. ಮಹಾರಾಷ್ಟ್ರದ ಹಿವರೆ ಬಜಾರ್ ಇನ್ನೂ ಮುಂದೆ ಹೋಗಿ, ಕೃಷಿಗೆ ಬೋರ್ ಬೇಡ ಎಂದು ಗ್ರಾಮಸಭೆಯಲ್ಲೇ ನಿರ್ಧರಿಸಿತು.

ಸಾವಿರ ಎಕರೆಯ ಒಂದು ಊರನ್ನು ತೆಗೆದುಕೊಂಡು ನೋಡಿ. ಇಂಗಿದ್ದು 24 ಕೋಟಿ ಲೀಟರ್. ಅದರಲ್ಲಿ ಶೇ 10 ತಾನಾಗಿ ಬಸಿದುಹೋಗುವ ಪಾಲು, 2.4 ಕೋಟಿ. 1,500 ಜನಕ್ಕೆ ತಲೆಗೆ 55 ಲೀಟರ್‌ನಂತೆ ವರ್ಷಕ್ಕೆ 3 ಕೋಟಿ. 400 ಹಸುಗಳಿಗೆ ಕುಡಿಯಲು, ತೊಳೆಯಲು 80 ಲೀಟರ್‌ನಂತೆ 1.2 ಕೋಟಿ. ಉಳಿದದ್ದು 17.4 ಕೋಟಿ. 20 ಲಕ್ಷದಿಂದ ಭಾಗಿಸಿದರೆ 87 ಎಕರೆ ಟೊಮೆಟೊ, ಒಂದೇ ಬೆಳೆ. ಡ್ರಿಪ್ ಮತ್ತು ಮಣ್ಣಿನ ಮೇಲೆ ಹೊದಿಸುವ ಮಲ್ಚಿಂಗ್ ಶೀಟ್‌ನಿಂದ ಉಳಿತಾಯವಿದೆ, ಆದರೆ ಉಳಿದ ನೀರಿಗೆ ಇನ್ನೊಂದು ಎಕರೆ ಇಟ್ಟರೆ ಬಜೆಟ್ ಅಲ್ಲೇ ಇರುತ್ತದೆ. ಆ 87 ಎಕರೆ ಯಾರದ್ದು ಎಂಬಲ್ಲಿಗೆ ಗಣಿತ ಮುಗಿದು ಊರಿನ ರಾಜಕೀಯ ಶುರು.

ಶೇ 8 ಇಂಗುತ್ತದೆ ಎಂಬುದು ಪುಸ್ತಕದ ಅಂಕಿ, ನಿಮ್ಮ ಊರಿನದ್ದು ಬೇರೆ ಇರಬಹುದು. ಪರೀಕ್ಷಿಸಲು ಪಂಪ್ ಇಲ್ಲದ ಒಂದೆರಡು ತೆರೆದ ಬಾವಿ ಆರಿಸಿ. ಆಳದ ಬೋರ್ ಬೇಡ, ಅದರ ಕೇಸಿಂಗ್ ಶಿಥಿಲ ಪದರವನ್ನು ಮುಚ್ಚಿರುತ್ತದೆ. ಸುತ್ತಲಿನ ಪಂಪ್‌ಗಳು ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಟೇಪಿಗೆ ಭಾರ ಕಟ್ಟಿ ಇಳಿಸಿ, ಕಟ್ಟೆಯ ಒಂದೇ ಗುರುತಿನಿಂದ ಅಳೆಯಿರಿ. ಮೇ ಕೊನೆಗೆ ಒಮ್ಮೆ, ನವೆಂಬರ್ ಕೊನೆಗೆ ಒಮ್ಮೆ. 60 ಮಿ.ಮೀ. ಇಂಗಿದ್ದರೆ, ಶೇ 2ರ ಪಾತ್ರೆಯಲ್ಲಿ ಮಟ್ಟ 3 ಮೀಟರ್, ಹತ್ತು ಅಡಿ ಏರಿರಬೇಕು. ಐದೇ ಅಡಿ ಏರಿದ್ದರೆ ಮೇಲಿನ 24 ಕೋಟಿಯನ್ನು 12 ಎಂದು ತಿದ್ದಿ ಮತ್ತೆ ಕಳೆಯಿರಿ. ಆಗ ಬರುವ ಎಕರೆ 87ರ ಅರ್ಧವಲ್ಲ, 33. ಜನ ಮತ್ತು ದನ ಕುಡಿಯುವುದು ಅಷ್ಟೇ ಇರುತ್ತದಲ್ಲ.